ಓಡುವ ಕಾರಿಗೆ ನಿಲ್ಲುವ ಚಕ್ರ

ನಮ್ಮ ಕಡೆ ವಾಹನದ ಟಯರಿಗೆ ಇರುವುದು ಎರಡೇ ಅವಸ್ಥೆ. ಒಂದೋ ಅದರಲ್ಲಿ ಗಾಳಿ ಇರುತ್ತದೆ, ಇಲ್ಲವೋ ಪಂಕ್ಚರ್ ಆಗಿರುತ್ತದೆ. ಸವೆದು ನುಣ್ಣಗಾದುದನ್ನು ರೀಸೋಲ್ ಮಾಡಿಸಿ ಮತ್ತೂ ಎರಡು ವರ್ಷ ಓಡಿಸುವ ಮಿತವ್ಯಯಿಗಳಿಗೂ ನಮ್ಮಲ್ಲಿ ಬರವಿಲ್ಲ. ಮಳೆಗಾಲದಲ್ಲಿ ಕಾಡಂಚಿನ ಮಣ್ಣಿನ ಏರುಗಳನ್ನು ಹತ್ತಬೇಕಾದ ಜೀಪುಗಳ ಚಕ್ರಕ್ಕೆ ಸರಪಳಿ ಬಿಗಿಯುವುದುಂಟು. ಋತುಮಾನಕ್ಕೆ ತಕ್ಕಂತೆ ಚಕ್ರದ ವೇಷ ಬದಲಾಗುವುದಕ್ಕೆ ನಾನು ಕಂಡಿದ್ದ ಉದಾಹರಣೆ ಅದೊಂದೇ. ಹಾಗಿರುವಾಗ ಚಳಿಗಾಲಕ್ಕೆಂದೇ ನಾಲ್ಕು ಬೇರೆ ಚಕ್ರಗಳು, ಅವುಗಳಿಗೆ ನಾಲ್ಕು ಬೇರೆ ಟಯರುಗಳು, ಅವನ್ನು ಆರಿಸುವುದಕ್ಕಾಗಿ ಮನೆಯಲ್ಲಿ ಮೂರು ವಾರಗಳ ಚರ್ಚೆ, ಇವೆಲ್ಲ ಎಪ್ಪತ್ತು ದಾಟಿದ ಮೇಲೆ ನನಗೆ ದೊರೆತ ವಿದ್ಯಾಭ್ಯಾಸ. ಈಚೆಗೆ ಟೊರೊಂಟೊ ನಗರಕ್ಕೆ ಉದ್ಯೋಗದ ಮೇಲೆ ಹೋಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, "ಸರ್, ಇಲ್ಲಿ ಎಲ್ಲರೂ ವಿಂಟರ್ ಟಯರ್ ಎನ್ನುತ್ತಾರೆ, ನನ್ನ ಕಾರು ಒಳ್ಳೆಯ ವೇಗದ ಕಾರು, ಅದಕ್ಕೂ ಬೇಕೇ?" ಎಂದು ಕೇಳಿದ. ಅವನಿಗೆ ಅರ್ಧ ಗಂಟೆ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಹೊರದೇಶಗಳ ಶೀತಪ್ರದೇಶಗಳಲ್ಲಿ ನನ್ನ ವಿದ್ಯಾರ್ಥಿಗಳು ಇನ್ನೂ ಕೆಲವರಿದ್ದಾರೆ. ಅವರಿಗೂ ಉಪಯೋಗವಾದೀತು.

ಬಂಧುಗಳಲ್ಲಿ ಹಲವರಿಗೆ ಗೊತ್ತಿರುವಂತೆ, 2022ರ ಅಕ್ಟೋಬರ್ ತಿಂಗಳಿನಿಂದ ಮುಂದಿನ ವರ್ಷದ ಮೇ ತಿಂಗಳವರೆಗೆ ನಾನೂ ನನ್ನ ಪತ್ನಿಯೂ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಕಿರಿಯ ಮಗನ ಮನೆಯಲ್ಲಿದ್ದೆವು. ಆ ವರ್ಷದ ವಸಂತದಲ್ಲಿ ಅವನು ತನ್ನ ಹಳೆಯ ಕಾರನ್ನು ಕೊಟ್ಟು, ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಆರ್ ಎಂಬ ಕಾರನ್ನು, ಹೊಸದಲ್ಲ, ಬಳಸಿದ್ದನ್ನು ಕೊಂಡಿದ್ದ. ನೋಡುವುದಕ್ಕೆ ಸಾಧುವಾದ ಸಣ್ಣ ಕಾರು. ಆದರೆ ಅದರ ಶಕ್ತಿ 292 ಅಶ್ವಶಕ್ತಿ. ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಹೋಗುತ್ತದೆ. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗಕ್ಕೆ ಐದು ಸೆಕೆಂಡಿನ ಆಸುಪಾಸಿನಲ್ಲಿ ಏರುತ್ತದೆ. ಹುಡುಗನಿಗೆ ಬಾಲ್ಯದಿಂದಲೂ ಕಾರಿನ ಹುಚ್ಚು. ಗಣಿತದ ನೋಟ್‌ಪುಸ್ತಕದ ಹಿಂಬದಿಯಲ್ಲಿ ಕಾರುಗಳನ್ನು ಬರೆದು ನನ್ನಿಂದಲೇ ತರಗತಿಯಲ್ಲಿ ಬೈಸಿಕೊಂಡವನು. ನಲವತ್ತರ ಹೊಸ್ತಿಲಲ್ಲಿ ಆ ಆಸೆ ತೀರಿಸಿಕೊಂಡಿದ್ದ. ಮನೆ ಕೊಳ್ಳಲು ಕೂಡಿಡುತ್ತಿದ್ದ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗಿತ್ತೆಂಬುದು ಸೊಸೆಯ ಮೌನದಿಂದ ನಮಗೆ ತಿಳಿಯಿತು.

ಇನ್ನೊಂದು ಸಂಗತಿಯೂ ಕ್ರಮೇಣ ನನ್ನ ಗಮನಕ್ಕೆ ಬಂತು. ಆ ಕಾರನ್ನು ಹೆಚ್ಚಾಗಿ ಓಡಿಸುತ್ತಿದ್ದವನು ಮಗನಲ್ಲ. 2020ರಿಂದ ಅವನು ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಾನೆ. ಸೊಸೆ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಬೆಳಗಿನ ಪಾಳಿ. ಇನ್ನೂ ಕತ್ತಲಿರುವಾಗಲೇ ನಾಲ್ಕು ವರ್ಷದ ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿಕೊಂಡು, ಅವಳನ್ನು ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕು. ಆ ದಾರಿ ಮೌಂಟ್ ರಾಯಲ್ ಗುಡ್ಡದ ಪಕ್ಕೆಯಲ್ಲಿ ಹಾದುಹೋಗುತ್ತದೆ. ಅಲ್ಲಿಯ ಒಂದು ಮುಖ್ಯರಸ್ತೆಯ ಹೆಸರು ಕೋಟ್-ದೆ-ನೇಜ್. ಫ್ರೆಂಚ್ ಭಾಷೆಯಲ್ಲಿ ಹಿಮದ ಇಳಿಜಾರು ಎಂದು ಅರ್ಥ. ಹೆಸರಿಟ್ಟವರು ಸುಮ್ಮನೆ ಇಟ್ಟಿರಲಾರರು.

ಅಕ್ಟೋಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಹಿಮವೇನೂ ಬಿದ್ದಿರಲಿಲ್ಲ. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ರಸ್ತೆಯ ಮೇಲೆ ಸುಣ್ಣ ಬಳಿದಂತೆ ತೆಳುವಾಗಿ ಕುಳಿತಿತ್ತು, ಅಷ್ಟೆ. ಇಳಿಜಾರಿನ ಒಂದು ಅಡ್ಡರಸ್ತೆಯ ತುದಿಯಲ್ಲಿ ನಿಲ್ಲಬೇಕೆಂಬ ಫಲಕವಿದ್ದಲ್ಲಿ ಸೊಸೆ ಬ್ರೇಕ್ ಒತ್ತಿದಳು. ಕಾಲಿನಡಿ ಬ್ರೇಕು ಗರಗರನೆ ನಡುಗಿತು, ಕಾರು ನಿಲ್ಲಲಿಲ್ಲ. ಗೆರೆಯನ್ನು ದಾಟಿ, ಯಾವ ಅವಸರವೂ ಇಲ್ಲದೆ, ನಾಲ್ಕು ದಾರಿಗಳ ನಡುವೆ ಹೋಗಿ ನಿಂತಿತು. ದೈವಕೃಪೆಯಿಂದ ಆ ಹೊತ್ತಿನಲ್ಲಿ ಬೇರೆ ವಾಹನ ಬರಲಿಲ್ಲ. ಹಿಂದಿನಿಂದ ಮಗು, "ಅಮ್ಮಾ, ಇನ್ನೊಂದು ಸಲ" ಎಂದಿತಂತೆ. ಇದನ್ನು ಅವಳು ಸಂಜೆ ನಮ್ಮೆಲ್ಲರ ಮುಂದೆ ನಗುತ್ತಲೇ ಹೇಳಿದಳು. ಅನ್ನ ಬಡಿಸುತ್ತಿದ್ದ ಕೈ ಮಾತ್ರ ನಡುಗುತ್ತಿತ್ತು. ನನ್ನ ಪತ್ನಿ ಎದ್ದು ಸೌಟನ್ನು ಅವಳ ಕೈಯಿಂದ ತೆಗೆದುಕೊಂಡಳು.

ಮಗನ ಮೊದಲ ಮಾತು, "ಅದಕ್ಕೆ ನಾಲ್ಕೂ ಚಕ್ರಗಳ ಡ್ರೈವ್ ಇದೆ, ಹಾಗಾಗಬಾರದಿತ್ತು" ಎಂಬುದು. ಎರಡನೆಯದು, "ಕಾನೂನಿನ ಪ್ರಕಾರ ಚಳಿಗಾಲದ ಟಯರು ಬೇಕಾಗುವುದು ಡಿಸೆಂಬರ್ 1ರಿಂದ ತಾನೆ?" ಎಂಬುದು. ಎರಡೂ ಮಾತುಗಳು ಸತ್ಯ, ಎರಡೂ ನಿರುಪಯೋಗಿ. ಚರ್ಚೆ ಆರಂಭವಾದದ್ದು ಅಲ್ಲಿಂದ.

ಮೊದಲು ಕಾನೂನಿನ ವಿಷಯ. ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿಗಾಲದ ಟಯರನ್ನು ಕಡ್ಡಾಯ ಮಾಡಿದ್ದು 2008ರಲ್ಲಿ. ಆಗ ಅವಧಿ ಡಿಸೆಂಬರ್ 15ರಿಂದ ಮಾರ್ಚ್ 15. 2019ರಿಂದ ಅದು ಡಿಸೆಂಬರ್ 1ಕ್ಕೇ ಶುರುವಾಗುತ್ತದೆ. ತಪ್ಪಿದರೆ 200ರಿಂದ 300 ಡಾಲರ್ ದಂಡ. ಆದರೆ ಪ್ರಕೃತಿ ಗೆಜೆಟ್ ಓದುವುದಿಲ್ಲ. ಬೇಸಿಗೆಯ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿಂದ ಕೆಳಗೆ ಬಿಗಿಯತೊಡಗುತ್ತದೆ. ಮಾಂಟ್ರಿಯಲ್‌ನ ಮುಂಜಾವುಗಳು ಅಕ್ಟೋಬರದಲ್ಲೇ ಆ ಗೆರೆಯನ್ನು ದಾಟಿಬಿಡುತ್ತವೆ. ಕಾನೂನು ಆರಂಭವಾಗುವುದಕ್ಕೆ ಐದಾರು ವಾರ ಮೊದಲೇ ಟಯರು ತನ್ನ ಧರ್ಮವನ್ನು ಬಿಟ್ಟಿರುತ್ತದೆ.

ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಕುಳಿತವರಿಗೆ ಚಾಲೆಂಜರ್ ನೌಕೆಯ ಕಥೆ ನೆನಪಿರಬಹುದು. 1986ರ ಜನವರಿ 28ರಂದು ಅದು ಏಳು ಮಂದಿಯೊಡನೆ ಸಿಡಿದುಹೋಯಿತು. ತನಿಖಾ ಆಯೋಗದ ಸಭೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ರಬ್ಬರಿನ ತುಂಡೊಂದನ್ನು ಹಿಡಿಕೆಯಲ್ಲಿ ಅಮುಕಿ, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ, ಹೊರತೆಗೆದು ಬಿಟ್ಟರು. ಅಮುಕಿದ ರಬ್ಬರು ಕೂಡಲೇ ತನ್ನ ಆಕಾರಕ್ಕೆ ಮರಳಲಿಲ್ಲ. ಉಡಾವಣೆಯ ಬೆಳಗಿನ ಚಳಿಯಲ್ಲಿ ರಾಕೆಟ್ಟಿನ ಸಂದಿಗಳನ್ನು ಮುಚ್ಚಬೇಕಿದ್ದ ರಬ್ಬರ್ ಬಳೆಗಳಿಗೂ ಇದೇ ಗತಿಯಾಗಿತ್ತು. ಟಯರಿನಲ್ಲಿ ನಡೆಯುವುದೂ ಇದೇ. ರಸ್ತೆಯ ಮೇಲ್ಮೈ ನಮ್ಮ ಕಣ್ಣಿಗೆ ಸಪಾಟಾಗಿ ಕಂಡರೂ ಅದರಲ್ಲಿ ಅಸಂಖ್ಯ ಸೂಕ್ಷ್ಮ ತಗ್ಗು ದಿಣ್ಣೆಗಳಿವೆ. ಮೃದುವಾದ ರಬ್ಬರು ಅವುಗಳೊಳಗೆ ಇಳಿದು ಹಿಡಿಯುತ್ತದೆ. ಬಿಗಿತ ರಬ್ಬರು ದಿಣ್ಣೆಗಳ ತುದಿಯ ಮೇಲೆ ಜಾರುತ್ತದೆ. ಎಂಜಿನಿನ ಬಲ ಎರಡು ಚಕ್ರಕ್ಕೆ ಹೋಗಲಿ, ನಾಲ್ಕಕ್ಕೆ ಹೋಗಲಿ, ಹೊರಡುವಾಗ ಮಾತ್ರ ಅದರ ಲಾಭ. ನಿಲ್ಲುವಾಗ ಎಲ್ಲ ಕಾರುಗಳಿಗೂ ನಾಲ್ಕೇ ಬ್ರೇಕುಗಳು, ಅಂಗೈಯಗಲದ ನಾಲ್ಕೇ ಹಿಡಿತಗಳು. ಹೊರಡುವುದು ಸುಲಭವಾದಷ್ಟೂ ಚಾಲಕನಿಗೆ ರಸ್ತೆಯ ಮೇಲೆ ವಿಶ್ವಾಸ ಹೆಚ್ಚುತ್ತದೆ. ಅದೇ ಅಪಾಯ.

ಮೊಮ್ಮಗಳಿಗೆ ಅವಳಜ್ಜಿ ಕೊಡಿಸಿದ್ದ ಒಂದು ಕಪ್ಪುಹಲಗೆ ಮನೆಯಲ್ಲಿತ್ತು. ಅದರ ಮೇಲಿದ್ದ ಬೆಕ್ಕನ್ನು ಅವಳ ಅನುಮತಿ ಪಡೆದು ಒರೆಸಿ, ಆ ರಾತ್ರಿ ಮಗನಿಗೆ ಎಂಟನೆಯ ತರಗತಿಯ ಲೆಕ್ಕವನ್ನೇ ಮತ್ತೆ ಬರೆದು ತೋರಿಸಿದೆ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ನಿಲ್ಲುವ ದೂರ ಸಿಗುತ್ತದೆ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಒಣರಸ್ತೆಯಲ್ಲಿ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ 8 ಮೀಟರಿನಲ್ಲಿ ಕಾರು ನಿಲ್ಲಬೇಕು. ತುಳಿದು ಗಟ್ಟಿಯಾದ ಹಿಮದ ಮೇಲೆ 0.2 ಎಂದರೆ 31 ಮೀಟರ್. ಮಂಜುಗಡ್ಡೆಯ ಮೇಲೆ 0.1 ಎಂದರೆ 63 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಈ ಲೆಕ್ಕದಲ್ಲಿ ಅಶ್ವಶಕ್ತಿ ಎಂಬ ಪದ ಎಲ್ಲಿಯೂ ಬರುವುದಿಲ್ಲ. ಹಲಗೆಯ ಮೇಲೆ ಅದನ್ನು ಹುಡುಕು ಎಂದೆ. ಅವನು ಹುಡುಕಲಿಲ್ಲ, ನಕ್ಕ.

ಇಷ್ಟಾದ ಮೇಲೆ ಟಯರು ಬೇಕೆಂಬುದರಲ್ಲಿ ವಿವಾದ ಉಳಿಯಲಿಲ್ಲ. ಯಾವುದು ಎಂಬುದರಲ್ಲಿ ಉಳಿಯಿತು. ಮಗನ ಕಂಪ್ಯೂಟರಿನಲ್ಲಿ ಮೊದಲೇ ಒಂದು ಪಟ್ಟಿ ಸಿದ್ಧವಾಗಿತ್ತು. ಚಳಿಗಾಲದ ಟಯರುಗಳಲ್ಲೇ ಎರಡು ಕುಲಗಳಿವೆ. ಮೊದಲನೆಯದು ವೇಗದ ಕಾರುಗಳಿಗೆಂದೇ ಮಾಡಿದ್ದು; ಮಿಶೆಲಿನ್ ಕಂಪನಿಯ ಪೈಲಟ್ ಆಲ್ಪಿನ್, ಪಿರೆಲ್ಲಿಯ ಸೊಟ್ಟೊಝೀರೊ ಮೊದಲಾದವು ಆ ವರ್ಗ. ಒಣಗಿದ ಹೆದ್ದಾರಿಯಲ್ಲಿ ಸ್ಟಿಯರಿಂಗ್ ತಿರುಗಿಸಿದ ಕ್ಷಣಕ್ಕೆ ಓಗೊಡುತ್ತವೆ, ಹೆಚ್ಚಿನ ವೇಗವನ್ನು ತಾಳುತ್ತವೆ, ಹಿಮದಲ್ಲೂ ನಡೆಯುತ್ತವೆ. ಜರ್ಮನಿಯಂಥ ದೇಶಗಳ ಚಳಿಗಾಲಕ್ಕೆ, ಅಂದರೆ ಹೆಚ್ಚು ದಿನ ಒದ್ದೆಯಾಗಿ ತಣ್ಣಗಿದ್ದು ಆಗಾಗ ಹಿಮ ಬೀಳುವಲ್ಲಿಗೆ, ಬಹಳ ಯೋಗ್ಯ. ಎರಡನೆಯ ಕುಲ ಉತ್ತರದ್ದು. ಅದರ ಮೂಲ ಫಿನ್ಲೆಂಡ್ ಮತ್ತು ಜಪಾನ್. ಇಂದು ನೋಕಿಯನ್ ಎಂದು ಹೆಸರಾಗಿರುವ ಫಿನ್ಲೆಂಡಿನ ಸಂಸ್ಥೆ 1934ರಲ್ಲಿ ಲಾರಿಗಳಿಗೆ, 1936ರಲ್ಲಿ ಕಾರುಗಳಿಗೆ ಹಿಮದ ಟಯರು ತಯಾರಿಸಿತು. ಅನಂತರ ಲೋಹದ ಮೊಳೆ ಬಡಿದ ಟಯರುಗಳು ಬಂದವು. ಜಪಾನಿನ ಉತ್ತರದ ಪಟ್ಟಣಗಳಲ್ಲಿ ಆ ಮೊಳೆಗಳು ರಸ್ತೆಯನ್ನೇ ಕೆರೆದು ಧೂಳೆಬ್ಬಿಸಿದ್ದರಿಂದ 1990ರಲ್ಲಿ ಅಲ್ಲಿಯ ಸರಕಾರ ಅವುಗಳನ್ನು ನಿರ್ಬಂಧಿಸುವ ಕಾಯಿದೆ ತಂದಿತು. ಅದಕ್ಕೆ ಎರಡು ವರ್ಷ ಮೊದಲು, 1988ರಲ್ಲಿ, ಬ್ರಿಜ್‌ಸ್ಟೋನ್ ಕಂಪನಿ ಮೊಳೆಯಿಲ್ಲದೆ ಮಂಜುಗಡ್ಡೆಯನ್ನು ಹಿಡಿಯುವ ಬ್ಲಿಝಾಕ್ ಎಂಬ ಟಯರನ್ನು ಮಾರುಕಟ್ಟೆಗೆ ತಂದಿತ್ತು. ಈ ಕುಲದ ಟಯರುಗಳು ಬಹಳ ಮೃದು. ಮೈತುಂಬ ಬ್ಲೇಡಿನಿಂದ ಗೀರಿದಂಥ ಸಾವಿರಾರು ಸಣ್ಣ ಸೀಳುಗಳು. ಇವಕ್ಕೆ ಸೈಪ್ ಎಂದು ಹೆಸರು. 1923ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಜಾನ್ ಸೈಪ್ ಎಂಬಾತನ ಹೆಸರೇ ನಾಮಪದವಾಗಿ ನಿಂತಿದೆ.

ಈ ಸೀಳುಗಳ ಕೆಲಸವನ್ನು ತಿಳಿಯಬೇಕಾದರೆ ಮಂಜುಗಡ್ಡೆಯ ಸ್ವಭಾವ ತಿಳಿದಿರಬೇಕು. ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆಯ ಮೇಲೆ ನೀರಿನ ತೆಳುಪೊರೆಯೊಂದು ಇರುತ್ತದೆ. ಜಾರಿಸುವುದು ಗಡ್ಡೆಯಲ್ಲ, ಆ ಪೊರೆ. ಮೈನಸ್ 20ರ ಗಡ್ಡೆ ಒಣಗಿರುತ್ತದೆ, ಅಷ್ಟು ಜಾರುವುದಿಲ್ಲ. ಆದುದರಿಂದ ಜನವರಿಯ ಘೋರಚಳಿಗಿಂತ ನವೆಂಬರ್ ಮತ್ತು ಮಾರ್ಚ್ ತಿಂಗಳುಗಳ ಕರಗಿ ಹೆಪ್ಪುಗಟ್ಟುವ ಬೆಳಗುಗಳೇ ಹೆಚ್ಚು ಕಠಿಣ. ಟಯರಿನ ಸೀಳುಗಳ ಅಂಚುಗಳು ಆ ನೀರನ್ನು ಬಳಿದು ರಬ್ಬರನ್ನು ಗಡ್ಡೆಗೆ ಮುಟ್ಟಿಸುತ್ತವೆ. ಈ ಮೃದುತ್ವಕ್ಕೆ ತೆರಬೇಕಾದ ಬೆಲೆಯೂ ಇದೆ. ಒಣರಸ್ತೆಯ ತಿರುವಿನಲ್ಲಿ ಅವು ಸ್ವಲ್ಪ ತೇಲಿದಂತೆ ಆಡುತ್ತವೆ, ಬೇಗ ಸವೆಯುತ್ತವೆ, ವೇಗದ ಮಿತಿಯೂ ಕಡಿಮೆ. ಟಯರಿನ ಮೇಲಿನ ಕೊನೆಯ ಅಕ್ಷರ ಆ ಮಿತಿಯನ್ನು ಹೇಳುತ್ತದೆ. ಮಗನ ಬೇಸಿಗೆಯ ಟಯರಿನ ಮೇಲೆ ವೈ ಎಂದಿತ್ತು, ಗಂಟೆಗೆ 300 ಕಿಲೋಮೀಟರ್. ಮೃದು ಟಯರುಗಳ ಮೇಲೆ ಸಾಮಾನ್ಯವಾಗಿ ಟಿ ಅಥವಾ ಎಚ್, ಅಂದರೆ 190 ಅಥವಾ 210. ಕ್ವಿಬೆಕ್ಕಿನ ಹೆದ್ದಾರಿಯ ವೇಗಮಿತಿ 100. ಆ ಕೊರತೆ ಯಾವ ರಸ್ತೆಯಲ್ಲಿ ಅನುಭವಕ್ಕೆ ಬರುತ್ತದೆಂದು ಅವನನ್ನೇ ಕೇಳಿದೆ.

ಅವನು ಒಪ್ಪಲಿಲ್ಲ. "ಅಪ್ಪಾ, ಕಾರಿಗೊಂದು ಸ್ವಭಾವ ಇರುತ್ತದೆ. ಅದನ್ನು ಹಾಳುಮಾಡುವುದಾದರೆ ಈ ಕಾರು ಯಾಕೆ?" ಎಂದ. ಮಾತಿನಲ್ಲಿ ಹುರುಳಿದೆ, ಓಟದ ಕುದುರೆಗೆ ಗಾಣದ ಎತ್ತಿನ ಲಾಳ ಕಟ್ಟಲು ಯಾರಿಗೂ ಮನಸ್ಸಾಗದು. ಅವನ ಆಯ್ಕೆ 19 ಇಂಚಿನ ಅದೇ ಚಕ್ರದ ಅಳತೆಯಲ್ಲಿ ಮೊದಲ ಕುಲದ ಟಯರು. ಪರ್ವತದ ಮೂರು ಶಿಖರ, ನಡುವೆ ಹಿಮದ ಹರಳು ಇರುವ ಚಿಹ್ನೆ ಅದರ ಮೇಲೂ ಇದೆ, ಕಾನೂನೂ ತೃಪ್ತವಾಗುತ್ತದೆ ಎಂಬುದು ಅವನ ವಾದ. ಈ ಚಿಹ್ನೆಯ ವಿಚಾರದಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಹಿಂದೆ ಟಯರಿನ ಮೇಲೆ ಎಂ ಮತ್ತು ಎಸ್ ಅಕ್ಷರಗಳಿದ್ದರೆ ಸಾಕಿತ್ತು. ಕೆಸರು ಮತ್ತು ಹಿಮ ಎಂಬುದು ಅದರ ತಾತ್ಪರ್ಯವಾದರೂ ಆ ಅಕ್ಷರ ಸಿಗುತ್ತಿದ್ದದ್ದು ಗೀರುಗಳ ಆಕಾರವನ್ನು ನೋಡಿ, ಪರೀಕ್ಷೆಯಿಂದಲ್ಲ. 1999ರಲ್ಲಿ ಉತ್ತರ ಅಮೆರಿಕದ ಟಯರು ಉದ್ಯಮದವರು ಪರ್ವತದ ಚಿಹ್ನೆಯನ್ನು ತಂದರು. ಕ್ವಿಬೆಕ್ 2014ರ ಡಿಸೆಂಬರಿನಿಂದ ಈ ಚಿಹ್ನೆಯನ್ನು, ಇಲ್ಲವೇ ಮೊಳೆಯ ಟಯರನ್ನು, ಮಾತ್ರ ಮಾನ್ಯ ಮಾಡುತ್ತದೆ. ಆದರೆ ಈ ಚಿಹ್ನೆಯ ಮೂಲ ಪರೀಕ್ಷೆ ಏನನ್ನು ಅಳೆಯುತ್ತದೆ? ತುಳಿದ ಹಿಮದ ಮೇಲೆ ಚಕ್ರ ಮುಂದೊತ್ತುವ ಹಿಡಿತವನ್ನು. ಮಾದರಿ ಟಯರಿಗೆ ನೂರು ಅಂಕವೆಂದರೆ ಇದಕ್ಕೆ 110 ಬರಬೇಕು. ಮಂಜುಗಡ್ಡೆಯ ಮೇಲೆ ನಿಲ್ಲುವ ಶಕ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಯುರೋಪಿನಲ್ಲಿ 2021ರಿಂದ ಮಂಜುಗಡ್ಡೆಯ ಹಿಡಿತಕ್ಕೆ ಬೇರೆಯೇ ಗುರುತು ಬಂದಿದೆ. ಉತ್ತೀರ್ಣನಾದವನೆಲ್ಲ ಎಲ್ಲ ವಿಷಯಗಳಲ್ಲೂ ನಿಪುಣನಲ್ಲವೆಂಬುದು ಮೇಷ್ಟರುಗಳಿಗೆ ಹೊಸ ಸಂಗತಿಯೇನಲ್ಲ.

ಎರಡು ವಾರ ಇದೇ ನಡೆಯಿತು. ಒಂದು ಸಂಜೆ ನಾನು ಗಮನಿಸಿದ್ದೆಂದರೆ, ಅಷ್ಟು ದಿನಗಳ ಮಾತಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ಆ ಕಾರನ್ನು ಇಳಿಜಾರಿನಲ್ಲಿ ಇಳಿಸುವವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ, ಬಾಯಿ ತೆರೆದರೆ ಟಯರಿನ ಮಾತು ಕಾರಿನ ಬೆಲೆಯ ಮಾತಾಗಿ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ನಾನು ಕೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆಯೇ, "ಮಾವ, ನನಗೆ ತಿರುವಿನಲ್ಲಿ ಏನನ್ನಿಸುತ್ತದೆ ಎಂದು ಯೋಚಿಸಲು ಪುರಸೊತ್ತಿಲ್ಲ. ಬ್ರೇಕ್ ಒತ್ತಿದರೆ ನಿಲ್ಲಬೇಕು. ಹಿಂದೆ ಮಗು ಇರುತ್ತದೆ" ಎಂದಳು. ಆಮೇಲೆ, ಸ್ವಲ್ಪ ತಡೆದು, "ಅವರು ಭಾನುವಾರ ಓಡಿಸುವ ಕಾರು ಅದು. ನಾನು ಐದು ದಿನ ಓಡಿಸುತ್ತೇನೆ" ಎಂದಳು. ಮಗ ಮರುಮಾತಾಡಲಿಲ್ಲ. ಅರ್ಧ ಗಂಟೆಯ ನಂತರ ಕಂಪ್ಯೂಟರಿನ ಮುಂದೆ ಕುಳಿತು, ಪಟ್ಟಿಯ ಕೆಳಗಿದ್ದ ಮೃದು ಟಯರುಗಳನ್ನು ಮೇಲಕ್ಕೆ ತಂದ. ಕೊನೆಗೆ ಕೊಂಡದ್ದು ಮಿಶೆಲಿನ್‌ನ ಎಕ್ಸ್-ಐಸ್ ಸ್ನೋ.

ಇನ್ನು ಅಳತೆ. ಇದು ನನಗೆ ಅತ್ಯಂತ ಪ್ರಿಯವಾದ ಭಾಗ, ಬರೀ ಅಂಕಗಣಿತ. ಟಯರಿನ ಮೇಲೆ 235/35 ಆರ್ 19 ಎಂದು ಬರೆದಿದ್ದರೆ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 35, ಚಕ್ರದ ವ್ಯಾಸ 19 ಇಂಚು. ಗೋಡೆ 82 ಮಿಲಿಮೀಟರ್ ಆಯಿತು. ಎರಡು ಗೋಡೆ ಮತ್ತು ಚಕ್ರ ಕೂಡಿದರೆ ಒಟ್ಟು ವ್ಯಾಸ 647. ಚಕ್ರವನ್ನು 17 ಇಂಚಿಗೆ ಇಳಿಸಿ 225/45 ಟಯರು ಹಾಕಿದರೆ ಗೋಡೆ 101, ಒಟ್ಟು 634. ವ್ಯತ್ಯಾಸ ಶೇಕಡ ಎರಡು. ವೇಗಮಾಪಕ ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುತ್ತದೆ, ಅದರಿಂದ ಹಾನಿಯಿಲ್ಲ. ಆದರೆ ಭಾರ ಹೊರುವ ಅಂಕಿ ಕಾರಿನ ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆಯಾಗಬಾರದು. ಚಕ್ರ ಚಿಕ್ಕದಾಗಿ ಗೋಡೆ ಎತ್ತರವಾದರೆ ಲಾಭ ಎರಡು. ಕಿರಿದಾದ ಟಯರು ಹಿಮವನ್ನು ಸೀಳಿ ಕೆಳಗಿಳಿಯುತ್ತದೆ, ಅಗಲವಾದುದು ಮೇಲೆ ತೇಲುತ್ತದೆ. ಎರಡನೆಯ ಲಾಭ ರಸ್ತೆಗುಂಡಿಗಳಲ್ಲಿ. ಮಾಂಟ್ರಿಯಲ್ಲಿನ ಗುಂಡಿಗಳನ್ನು ಕಂಡಾಗ ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುವುದು, ಕರಗುವುದು, ಮತ್ತೆ ಹಿಗ್ಗುವುದು. ಮಾರ್ಚ್ ಬರುವಷ್ಟರಲ್ಲಿ ಡಾಂಬರು ಕಿತ್ತುಬಂದಿರುತ್ತದೆ. ಅಲ್ಲಿಯವರು ಅದನ್ನು ಕೋಳಿಗೂಡು ಎಂಬರ್ಥದ ಫ್ರೆಂಚ್ ಮಾತಿನಿಂದ ಕರೆಯುತ್ತಾರೆ. 82 ಮಿಲಿಮೀಟರ್ ಗೋಡೆಯ ಟಯರು ಅಂಥ ಗೂಡಿಗೆ ಬಿದ್ದರೆ ಪೆಟ್ಟು ನೇರವಾಗಿ ಚಕ್ರದ ಅಂಚಿಗೆ.

ಹಾಗಾದರೆ 16 ಇಂಚಿಗೇ ಇಳಿದರಾಗದೇ? ಇಲ್ಲಿ ವೇಗದ ಕಾರಿನ ಬ್ರೇಕು ಅಡ್ಡ ಬರುತ್ತದೆ. ಮುಂದಿನ ಬ್ರೇಕ್ ಡಿಸ್ಕಿನ ವ್ಯಾಸ 340 ಮಿಲಿಮೀಟರ್. 17 ಇಂಚಿನ ಚಕ್ರವೆಂದರೆ 432. ಎರಡರ ನಡುವೆ ಒಂದೊಂದು ಕಡೆಗೆ ಉಳಿಯುವುದು 46 ಮಿಲಿಮೀಟರ್. ಅದರೊಳಗೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಬೇಕು, ಚಕ್ರದ ಲೋಹದ ದಪ್ಪವೂ ಅಲ್ಲೇ. 16 ಇಂಚಿನಲ್ಲಿ ಉಳಿಯುವುದು 33. ಆ ಆಸೆ ಅಲ್ಲಿಗೆ ಮುಗಿಯಿತು. 17ರಲ್ಲೂ ಎಲ್ಲ ಚಕ್ರಗಳೂ ಸಲ್ಲುವುದಿಲ್ಲ, ಒಳಮೈಯ ಆಕಾರ ಒಂದೊಂದರದೂ ಬೇರೆ. ನಮ್ಮ ಮನೆಯ ಹತ್ತಿರದ ಒಂದು ಸಣ್ಣ ಗ್ಯಾರೇಜಿನಲ್ಲಿ ಅಲ್ಜೀರಿಯಾ ಮೂಲದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಟಯರು ಏರಿಸುವ ಮೊದಲೇ ಬರಿಯ ಚಕ್ರವನ್ನು ಸಿಕ್ಕಿಸಿ, ಕೈಯಲ್ಲಿ ತಿರುಗಿಸಿ, ಕಿವಿಗೊಟ್ಟು ಕೇಳಿದರು. ಮೊದಲನೆಯದು ಕ್ಯಾಲಿಪರಿಗೆ ಸವರಿತು. ಎರಡನೆಯ ಮಾದರಿ ಸಲೀಸಾಗಿ ತಿರುಗಿತು. ಕನ್ನಡಿಯಂತೆ ಹೊಳೆಯುವ ಒಂದು ಮಾದರಿಯ ಮೇಲೆ ಮಗ ಕಣ್ಣಿಟ್ಟದ್ದನ್ನು ಕಂಡು, "ಇದನ್ನು ಉಪ್ಪು ತಿನ್ನುತ್ತದೆ ಎಂದು ತಿಳಿದೇ ಕೊಳ್ಳಿ" ಎಂದರಂತೆ. ಹಿಮ ಕರಗಿಸಲು ಅಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಕೊನೆಗೆ ಬೂದಿಬಣ್ಣ ಬಳಿದ ಸಾದಾ ಅಲಾಯ್ ಚಕ್ರಗಳು ಮನೆಗೆ ಬಂದವು. ಮೊಮ್ಮಗಳು ಅವುಗಳನ್ನು ಇಡ್ಲಿ ತಟ್ಟೆ ಎಂದಳು, ತಪ್ಪೇನಿಲ್ಲ.

ಬೋಲ್ಟಿನ ಸಂಗತಿಯೊಂದನ್ನು ಬಿಡಬಾರದು, ಏಕೆಂದರೆ ಬಹಳ ಜನ ಬಿಡುತ್ತಾರೆ. ಫೋಕ್ಸ್‌ವ್ಯಾಗನ್‌ನ ಮೂಲ ಚಕ್ರಗಳ ಬೋಲ್ಟಿನ ಬುಡ ಗುಂಡಗಿರುತ್ತದೆ. ಹೊರಗೆ ಕೊಂಡ ಚಕ್ರಗಳಿಗೆ ಅನೇಕ ವೇಳೆ ಶಂಕುವಿನಾಕಾರದ ಬುಡ ಬೇಕು. ಒಂದರ ಬದಲು ಇನ್ನೊಂದನ್ನು ಹಾಕಿದರೂ ಬಿಗಿಯಾದಂತೆ ಕಾಣುತ್ತದೆ, ಆದರೆ ಅಂಚಿನಲ್ಲಷ್ಟೇ ತಾಗಿ ಕ್ರಮೇಣ ಸಡಿಲಾಗುತ್ತದೆ. ಅಳತೆಯ ಸ್ಪ್ಯಾನರಿನಲ್ಲಿ 120 ನ್ಯೂಟನ್-ಮೀಟರಿಗೆ ಬಿಗಿದು, ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಗಾಳಿಯನ್ನೂ ನೋಡುತ್ತಿರಬೇಕು. ಬೆಚ್ಚಗಿನ ಗ್ಯಾರೇಜಿನಲ್ಲಿ 20 ಡಿಗ್ರಿಯಲ್ಲಿ 36 ಪೌಂಡ್ ತುಂಬಿದ ಟಯರು ಮೈನಸ್ 20ರ ಬೆಳಿಗ್ಗೆ 29ಕ್ಕೆ ಇಳಿದಿರುತ್ತದೆ, ತೂತೇನೂ ಇಲ್ಲದೆ. ಅನಿಲಗಳ ನಿಯಮದ ಈ ಲೆಕ್ಕವನ್ನು ಹಳೆಯ ವಿದ್ಯಾರ್ಥಿಗಳು ಮಾಡಿ ನೋಡಲಿ; ವಾಯುಮಂಡಲದ ಒತ್ತಡವನ್ನು ಕೂಡಿಸಲು ಮರೆತವರಿಗೆ ಅಂಕವಿಲ್ಲ.

ಒಟ್ಟು ಖರ್ಚು ಎರಡು ಸಾವಿರ ಡಾಲರಿನ ಹತ್ತಿರ ಬಂತು. ಬೇರೆ ಚಕ್ರಗಳ ಬದಲು ಟಯರನ್ನಷ್ಟೇ ವರ್ಷಕ್ಕೆರಡು ಬಾರಿ ಕಳಚಿ ಏರಿಸಬಹುದಿತ್ತು. ಆದರೆ ಪ್ರತಿ ಸಲವೂ ಕೂಲಿ, ಪ್ರತಿ ಸಲವೂ ಟಯರಿನ ಅಂಚಿಗೆ ಎಳೆತ. ಬೇಸಿಗೆಯ ಟಯರು ಆ ಐದು ತಿಂಗಳು ಸವೆಯದೆ ಉಳಿಯುತ್ತದೆಂಬುದನ್ನೂ ಲೆಕ್ಕಕ್ಕೆ ತಂದರೆ ಖರ್ಚು ಅಷ್ಟು ಭಯಂಕರವಲ್ಲ. ಸೊಸೆ ಕೂಡ ಈ ಲೆಕ್ಕವನ್ನು ಒಪ್ಪಿದಳು. ಕಾರಿನ ಲೆಕ್ಕವನ್ನಲ್ಲ.

ಹೊಸ ಚಕ್ರಗಳು ಸೇರಿದ ಮರುದಿನ ಬೆಳಿಗ್ಗೆ, ಉಷ್ಣತೆ ಸೊನ್ನೆಯ ಕೆಳಗಿತ್ತು, ನಾನು ಕೈಗವಸು ತೆಗೆದು ಒಂದು ಪ್ರಯೋಗ ಮಾಡಿದೆ. ಗೋಡೆಗೊರಗಿಸಿದ್ದ ಬೇಸಿಗೆಯ ಟಯರಿಗೆ ಹೆಬ್ಬೆರಳಿನ ಉಗುರನ್ನು ಒತ್ತಿದರೆ ಹಲಗೆಯಂತೆ ಎದುರು ನಿಂತಿತು. ಕಾರಿನಲ್ಲಿದ್ದ ಟಯರಿಗೆ ಒತ್ತಿದರೆ ಉಗುರು ಇಳಿಯಿತು. ಅದರ ಕಾರಣವನ್ನು ಓದಿ ತಿಳಿದಾಗ ನನಗೆ ಆದ ಹರ್ಷವನ್ನು ನಿಮ್ಮೊಡನೆ ಹಂಚಿಕೊಳ್ಳಲೇಬೇಕು. ಬೇಸಿಗೆಯ ಟಯರಿನಲ್ಲಿ ಕೃತಕ ರಬ್ಬರಿನ ಪಾಲು ಹೆಚ್ಚು. ಚಳಿಗಾಲದ ಟಯರಿನ ಮಿಶ್ರಣದಲ್ಲಿ ಸಾಮಾನ್ಯವಾಗಿ ಮರದ ಹಾಲಿನಿಂದ ಬಂದ ಸಹಜ ರಬ್ಬರಿನ ಪಾಲು ಹೆಚ್ಚು. ಸಹಜ ರಬ್ಬರು ಗಾಜಿನಂತೆ ಗಡುಸಾಗುವುದು ಸುಮಾರು ಮೈನಸ್ 70 ಡಿಗ್ರಿಯಲ್ಲಿ. ಮಾಂಟ್ರಿಯಲ್ಲಿನ ಯಾವ ಚಳಿಯೂ ಅದಕ್ಕೆ ಲೆಕ್ಕವಿಲ್ಲ. ಹಿಮವನ್ನೇ ಕಾಣದ ಬಿಸಿಲುಮಳೆಯ ನಾಡಿನ ಮರದ ಹಾಲು ಹಿಮದ ನಾಡಿನಲ್ಲಿ ಮೆತ್ತಗೆ ಉಳಿಯುತ್ತದೆ.

ನಮ್ಮ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳನ್ನು ಬಲ್ಲವರಿಗೆ ಇದು ಬರಿಯ ರಸಾಯನಶಾಸ್ತ್ರವಲ್ಲ. 1964ರ ಒಪ್ಪಂದದ ಮೇರೆಗೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ನಮ್ಮ ತಾಲೂಕುಗಳ ಸರಕಾರಿ ತೋಟಗಳಲ್ಲಿ ಕೆಲಸ ಕೊಟ್ಟಿದ್ದರು. ಆ ವಸತಿಗಳಿಂದ ನಮ್ಮ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಬೆಳಕು ಹರಿಯುವ ಮೊದಲೇ ತಾಯಿಯೊಡನೆ ಮರ ಕೆತ್ತಿ, ಹಾಲು ತುಂಬಿದ ಗೆರಟೆಗಳನ್ನು ಬಗ್ಗಿಸಿ, ಆಮೇಲೆ ಓಡುತ್ತ ಮೊದಲ ಗಂಟೆಗೆ ಬಂದು ಕೂರುತ್ತಿದ್ದರು. ಬೆರಳುಗಳಿಗೆ ಒಣಗಿದ ಹಾಲು ಅಂಟಿಕೊಂಡಿರುತ್ತಿತ್ತು. ಪಾಠ ಕೇಳುತ್ತ ಅದನ್ನು ಸುಲಿದು ಉಂಡೆ ಮಾಡುವುದು ಅವರ ಅಭ್ಯಾಸ. ಸೊನ್ನೆಯ ಕೆಳಗಿನ ಆ ಬೆಳಿಗ್ಗೆ ಟಯರಿನ ಮೆತ್ತನೆಯ ಮೈಯನ್ನು ಮುಟ್ಟಿದಾಗ ನನಗೆ ನೆನಪಾದದ್ದು ಆ ಉಂಡೆಗಳು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಾಲು ಬರೆಯಿರಿ.

ಚಳಿಗಾಲ ನಿರ್ವಿಘ್ನವಾಗಿ ಕಳೆಯಿತು ಎಂದರೆ ಅದರಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲವೆಂದು ಅರ್ಥ. ಸೊಸೆ ಪ್ರತಿದಿನ ಹೋದಳು, ಪ್ರತಿದಿನ ಬಂದಳು. ಮಗ ಭಾನುವಾರಗಳಂದು ಓಡಿಸಿ ಬಂದು, ಸ್ಟಿಯರಿಂಗ್ ಹಿಟ್ಟಿನ ಮುದ್ದೆಯಂತಾಗಿದೆ ಎಂದು ಗೊಣಗುತ್ತಿದ್ದ. ಗೊಣಗುವುದು ಅವನ ಹಕ್ಕು. ಮಾರ್ಚ್ 15 ಕಳೆದ ಮರುದಿನವೇ ಬೇಸಿಗೆಯ ಚಕ್ರಗಳನ್ನು ಹೊರತೆಗೆದವನನ್ನು ಈ ಬಾರಿ ತಡೆದವಳು ಸೊಸೆಯೇ. 2023ರ ಏಪ್ರಿಲ್ 5ರಂದು ಹೆಪ್ಪುಗಟ್ಟುವ ಮಳೆ ಸುರಿದು ನಗರದ ಮರಗಳೆಲ್ಲ ಗಾಜಿನ ಕವಚ ತೊಟ್ಟು ಮುರಿದು ಬಿದ್ದವು, ಹತ್ತು ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ವಿದ್ಯುತ್ ಇಲ್ಲವಾಯಿತು. ಆ ಕತ್ತಲಿನಲ್ಲೂ ಅವಳ ಆಸ್ಪತ್ರೆ ನಡೆಯಬೇಕಿತ್ತು, ಅವಳು ಹೋದಳು.

ಮೇ ತಿಂಗಳಿನಲ್ಲಿ ನಾವು ಹೊರಡುವ ಮೊದಲು ಚಕ್ರಗಳನ್ನು ಬದಲಿಸಿದೆವು. ಇಡ್ಲಿ ತಟ್ಟೆಗಳ ಉಪ್ಪನ್ನು ನಾನೂ ಮೊಮ್ಮಗಳೂ ತೊಳೆದೆವು. ಗೀರುಗಳ ಆಳವನ್ನು ಅಳೆದೆ, 4.8 ಮಿಲಿಮೀಟರಿಗಿಂತ ಕಡಿಮೆಯಾದರೆ ಮುಂದಿನ ಚಳಿಗಾಲಕ್ಕೆ ಬಳಸಬಾರದೆಂಬುದು ಅಲ್ಲಿಯ ಸಲಹೆ, ನಮ್ಮದರಲ್ಲಿ ಸಾಕಷ್ಟು ಉಳಿದಿತ್ತು. ಈ ಟಯರುಗಳು ಒಂದೇ ದಿಕ್ಕಿಗೆ ಉರುಳಬೇಕಾದವು. ಎಡದ್ದು ಎಡಕ್ಕೇ ಇರಬೇಕು. ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹೋಗಬಹುದು. ಅದು ಗೊತ್ತಾಗಲೆಂದು ಮೊಮ್ಮಗಳ ಸೀಮೆಸುಣ್ಣದಿಂದ ಒಂದೊಂದರ ಮೇಲೂ ಎಡ ಮುಂದೆ, ಬಲ ಹಿಂದೆ ಎಂದು ಬರೆದೆ. ಆ ವರ್ಷದ ಅಕ್ಟೋಬರ್ ಮಧ್ಯದಲ್ಲಿ ಸೊಸೆ ಯಾರಿಗೂ ಕಾಯದೆ ತಾನೇ ಸಮಯ ಗೊತ್ತುಮಾಡಿಕೊಂಡು ಕಾರನ್ನು ಗ್ಯಾರೇಜಿಗೆ ಒಯ್ದಳು. ಆ ಹಿರಿಯ ಮೆಕ್ಯಾನಿಕ್ ಅಕ್ಷರಗಳನ್ನು ಬಹಳ ಹೊತ್ತು ನೋಡಿ, ಇದು ಯಾವ ಲಿಪಿ ಎಂದು ಕೇಳಿದರಂತೆ. ಹೇಳಿದಳಂತೆ. ಹಾಗಾದರೆ ಇದನ್ನು ಅಳಿಸುವುದಿಲ್ಲ ಎಂದು, ಅದರ ಕೆಳಗೆ ತಮ್ಮ ತಿಳಿವಳಿಕೆಗಾಗಿ ಅರಬ್ಬಿಯಲ್ಲಿ ಬರೆದುಕೊಂಡರಂತೆ. ಅವಳು ಕಳುಹಿಸಿದ ಚಿತ್ರ ನನ್ನ ಬಳಿ ಇದೆ.